ವೆಬ್‌ಸೈಟ್ ಇದೆ, ಆದರೆ ಗೂಗಲ್‌ನಲ್ಲಿ ನಮ್ಮ ಕೆಲಸ ಸಿಗುತ್ತಿಲ್ಲ

ಪ್ರಶ್ನೆ: ನಮ್ಮದು ಧಾರವಾಡ ಜಿಲ್ಲೆಯ ಚಿಕ್ಕ ಟ್ರಸ್ಟ್. ಹಳ್ಳಿ ಮಕ್ಕಳಿಗೆ ಓದುವ ಕೇಂದ್ರ ನಡೆಸುತ್ತೇವೆ. ಪರಿಚಯದವರೊಬ್ಬರು ವರ್ಡ್‌ಪ್ರೆಸ್‌ನಲ್ಲಿ ವೆಬ್‌ಸೈಟ್ ಮಾಡಿಕೊಟ್ಟಿದ್ದಾರೆ. ಒಂದೇ ಪಾಸ್‌ವರ್ಡ್, ನಾಲ್ಕು ಜನ ಬಳಸುತ್ತೇವೆ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ವರದಿಯನ್ನು ಅಂಟಿಸಿದರೆ ಅರ್ಥವಾಗದ ಚಿಹ್ನೆಗಳು ಬರುತ್ತವೆ, ಅದಕ್ಕೇ ಫೋಟೊ ಮಾಡಿ ಹಾಕುತ್ತೇವೆ. ಗೂಗಲ್‌ನಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ. ಹೊಸ ಸೈಟ್ ಮಾಡಿಸಬೇಕಾ?

ಉತ್ತರ: ಬೇಡ. ಆ ದುಡ್ಡು ಮಕ್ಕಳ ಪುಸ್ತಕಕ್ಕೆ ಇರಲಿ. ಈಗಿರುವ ವರ್ಡ್‌ಪ್ರೆಸ್ ನಿಮಗೆ ಧಾರಾಳವಾಗಿ ಸಾಕು.

ತೊಂದರೆ ಇರುವುದು ಫೋಟೊದಲ್ಲಿ. ನುಡಿಯ ಹಳೆಯ ಫಾಂಟ್‌ಗಳಲ್ಲಿ ಫೈಲಿನ ಒಳಗೆ ಉಳಿಯುವುದು ಕನ್ನಡ ಅಕ್ಷರ ಅಲ್ಲ, ಬೇರೆ ಚಿಹ್ನೆಗಳು. ಫಾಂಟ್ ಅವಕ್ಕೆ ಕನ್ನಡದ ರೂಪ ಕೊಡುತ್ತದೆ, ಅಷ್ಟೇ. ವೆಬ್‌ಸೈಟಿನಲ್ಲಿ ಆ ಫಾಂಟ್ ಇರುವುದಿಲ್ಲ, ಹಾಗಾಗಿ ಬಣ್ಣ ಬಯಲಾಗುತ್ತದೆ. ಇದಕ್ಕೆ ಪರಿಹಾರ ಯುನಿಕೋಡ್, ಅಂದರೆ ಕನ್ನಡ ಅಕ್ಷರವನ್ನು ಕನ್ನಡ ಅಕ್ಷರವಾಗಿಯೇ ಉಳಿಸುವ ವಿಧಾನ. ಹಳೆಯ ವರದಿಗಳನ್ನು ಯುನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ಮೇಲೆ ಒಮ್ಮೆ ಪೂರ್ತಿ ಓದಿ, ಒತ್ತಕ್ಷರ ಮತ್ತು ಅರ್ಕಾವತ್ತು ಆಗಾಗ ಕೆಡುತ್ತವೆ. ಹೊಸದನ್ನು ಮೊಬೈಲಿನ ಕನ್ನಡ ಕೀಬೋರ್ಡಿನಲ್ಲೇ ಬರೆಯಿರಿ, ಅದು ಯುನಿಕೋಡೇ. ಟೈಪ್ ಮಾಡಲು ಬೇಜಾರಾದರೆ ಗೂಗಲ್‌ನ ಕೀಬೋರ್ಡ್ ಆದ ಜೀಬೋರ್ಡ್‌ನಲ್ಲಿ ಮೈಕ್ ಒತ್ತಿ ಮಾತಾಡಿದರೂ ಆಯಿತು. ಫೋಟೊ ಮಾಡಿದ ವರದಿಯನ್ನು ಗೂಗಲ್ ಸರಿಯಾಗಿ ಹುಡುಕಿ ಕೊಡುವುದಿಲ್ಲ, ಕಣ್ಣು ಕಾಣದವರ ಸ್ಕ್ರೀನ್ ರೀಡರ್ ಓದುವುದೂ ಇಲ್ಲ. ಇಷ್ಟು ಕಷ್ಟಪಟ್ಟು ಮಾಡಿದ ಕೆಲಸ ಯಾರಿಗೂ ತಲುಪದಿದ್ದರೆ ಹೇಗೆ, ಅಲ್ವಾ?

ಇನ್ನೊಂದು, ಇದು ಕನ್ನಡದಂಥ ಲಿಪಿಗಳಲ್ಲಿ ಬರೆಯುವವರಿಗೆ ಬರುವ ತೊಂದರೆ. ನೀವು ಕನ್ನಡದಲ್ಲಿ ಶೀರ್ಷಿಕೆ ಕೊಟ್ಟರೆ ವರ್ಡ್‌ಪ್ರೆಸ್ ಅದನ್ನೇ ಪುಟದ ವಿಳಾಸವನ್ನಾಗಿ ಮಾಡುತ್ತದೆ. ಒಳಗೆ ಅದು ಶೇಕಡಾ ಗುರುತು, ಅಂಕಿ, ಇಂಗ್ಲಿಷ್ ಅಕ್ಷರಗಳಾಗಿ ಬದಲಾಗುತ್ತದೆ: 'ಕಾ' ಎಂಬ ಒಂದೇ ಅಕ್ಷರಕ್ಕೆ 18 ಚಿಹ್ನೆ. ವಿಳಾಸದ ಈ ಭಾಗಕ್ಕೆ ಮಿತಿ ಇರುವುದು 200 ಚಿಹ್ನೆ. ಅಂದರೆ ನಾಲ್ಕೈದು ಪದ ಆಗುವಷ್ಟರಲ್ಲಿ ವಿಳಾಸ ತುಂಡಾಗುತ್ತದೆ, ವಾಟ್ಸಾಪ್‌ನಲ್ಲಿ ಕಳಿಸಿದರೆ ಎಷ್ಟೋ ಸಲ ಉದ್ದನೆಯ ಬಾಲದ ಹಾಗೆ ಕಾಣುತ್ತದೆ. ಪ್ರಕಟಿಸುವ ಮುಂಚೆ ಬಲಬದಿಯ ಸೆಟ್ಟಿಂಗ್‌ನಲ್ಲಿ ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಚಿಕ್ಕದಾಗಿ ಬರೆದುಬಿಡಿ. ಶೀರ್ಷಿಕೆ ಕನ್ನಡದಲ್ಲೇ ಇರಲಿ.

ಪಾಸ್‌ವರ್ಡ್ ಹಂಚಿಕೊಳ್ಳುವುದನ್ನು ಇವತ್ತೇ ನಿಲ್ಲಿಸಿ. ನಾಲ್ಕು ಜನರಿಗೂ ಬೇರೆ ಬೇರೆ ಖಾತೆ ಮಾಡಿಕೊಡಿ. ಕೇಂದ್ರಗಳಿಂದ ಬರೆಯುವವರಿಗೆ ಕಾಂಟ್ರಿಬ್ಯೂಟರ್ ಸ್ಥಾನ ಸಾಕು. ಅವರು ಬರೆದು ಕಳಿಸಬಹುದು, ಪ್ರಕಟಿಸಲಾಗದು. ಚಿತ್ರ ಸೇರಿಸಲೂ ಆಗುವುದಿಲ್ಲ, ಅದನ್ನು ಎಡಿಟರ್ ಆದವರು ನೋಡಿ ಹಾಕುತ್ತಾರೆ. ಇದು ಒಳ್ಳೆಯದೇ, ಯಾಕೆಂದರೆ ಮಕ್ಕಳ ಚಿತ್ರ ಹಾಕುವಾಗ ಒಬ್ಬರು ಜವಾಬ್ದಾರರು ನೋಡಲೇಬೇಕು. ಮನೆಯವರು ಒಪ್ಪಿದ್ದಾರಾ ಎಂದು ಕೇಳಿಕೊಳ್ಳಿ. ಮಗುವಿನ ಹೆಸರು, ಊರು, ಮುಖ ಮೂರನ್ನೂ ಒಟ್ಟಿಗೆ ಹಾಕಬೇಡಿ. ಇಡೀ ಸೈಟಿನ ಹಿಡಿತ ಇರುವ ಅಡ್ಮಿನ್ ಇಬ್ಬರೇ ಇರಲಿ. ಯಾರಾದರೂ ತಪ್ಪಿ ಪುಟ ಕೆಡಿಸಿದರೆ ಗಾಬರಿ ಬೇಡ, ರಿವಿಷನ್ಸ್ ತೆರೆದು ಹಿಂದಿನ ರೂಪವನ್ನು ಮರಳಿ ತರಬಹುದು.

ಡೊಮೇನ್ (ಸೈಟಿನ ವಿಳಾಸ) ಮತ್ತು ಹೋಸ್ಟಿಂಗ್ (ಸೈಟ್ ಇರುವ ಜಾಗ) ಯಾರ ಇಮೇಲ್‌ನಲ್ಲಿವೆ ಎಂದು ಪರಿಚಯದವರನ್ನು ಕೇಳಿ, ಟ್ರಸ್ಟಿನ ಇಮೇಲ್‌ಗೆ ಬದಲಿಸಿಕೊಳ್ಳಿ. ನಾನು ನೆರವಾಗಿದ್ದ ಒಂದು ಸಂಸ್ಥೆಯಲ್ಲಿ ಕೆಲಸ ಬಿಟ್ಟವರ ಇಮೇಲ್‌ಗೇ ನವೀಕರಣದ ಸೂಚನೆ ಹೋಗಿ, ಡೊಮೇನ್ ಕೈತಪ್ಪಿತು. ಆರು ವರ್ಷದ ವಿಳಾಸ ಅದು, ಇಂದಿಗೂ ನೆನೆದರೆ ಬೇಸರವಾಗುತ್ತದೆ.

ಹಳೆಯದೆಲ್ಲವನ್ನೂ ಒಂದೇ ಸಲ ತಿದ್ದಲು ಕೂರಬೇಡಿ, ಸುಸ್ತಾಗುತ್ತೀರಿ. ಮೊದಲು ಈ ವರ್ಷದ ಮೂರು ವರದಿಗಳನ್ನು ಯುನಿಕೋಡ್‌ಗೆ ಬದಲಿಸಿ ಹಾಕಿ. ಆಮೇಲೆ ದೇಣಿಗೆ ಪುಟ: ಬ್ಯಾಂಕ್ ವಿವರ, ದೇಣಿಗೆಯ ತೆರಿಗೆ ರಿಯಾಯಿತಿಗೆ ಬೇಕಾದ 80ಜಿ ನೋಂದಣಿ ಇದ್ದರೆ ಅದರ ಸಂಖ್ಯೆ, ಯಾರಿಗೆ ಫೋನ್ ಮಾಡಬೇಕು ಎಂಬುದು. ಇವೂ ಬರಹವಾಗಿಯೇ ಇರಲಿ, ದೇಣಿಗೆ ಕೊಡುವವರು ಖಾತೆ ಸಂಖ್ಯೆಯನ್ನು ಕಾಪಿ ಮಾಡಿಕೊಳ್ಳುತ್ತಾರೆ.