ಓಡ್ತಿರೋ ಪ್ರೋಸೆಸ್‌ನ ಸ್ಟ್ಯಾಕ್ ಲಿಮಿಟ್ ನೋಡೋದು ಹೇಗೆ?

ಟರ್ಮಿನಲ್‌ನಲ್ಲಿ ಸ್ಟ್ಯಾಕ್ (ಫಂಕ್ಷನ್ ಕರೆಗಳಿಗೆ ಬಳಸೋ ಮೆಮೊರಿ) ಲಿಮಿಟ್ ನೋಡೋಕೆ ಯುಲಿಮಿಟ್ -ಎಸ್ ಹೊಡೆದ್ರೆ ಅನ್‌ಲಿಮಿಟೆಡ್ ಅಂತ ಬರುತ್ತೆ, ಆದ್ರೆ ಅದೇ ಪ್ರೋಗ್ರಾಂ ಸರ್ವಿಸ್ ಆಗಿ ಓಡುವಾಗ ರಿಕರ್ಶನ್ (ಫಂಕ್ಷನ್ ತನ್ನನ್ನೇ ತಾನು ಕರೆಯೋದು) ಸ್ವಲ್ಪ ಆಳಕ್ಕೆ ಹೋದ್ರೂ ಸೆಗ್‌ಫಾಲ್ಟ್ ಆಗಿ ಪ್ರೋಗ್ರಾಂ ನಿಂತುಹೋಗುತ್ತೆ ಅಂದ್ರಲ್ಲ, ಅಲ್ಲಿ ನೀವು ನೋಡ್ತಿರೋದು ನಿಮ್ಮ ಶೆಲ್‌ನ ಲಿಮಿಟ್ ಅಷ್ಟೇ. ಯುಲಿಮಿಟ್ ಶೆಲ್ ಒಳಗಿನ ಕಮಾಂಡು, ಆ ಶೆಲ್‌ಗೆ ಮತ್ತೆ ಅದ್ರಿಂದ ಶುರುವಾಗೋ ಪ್ರೋಸೆಸ್‌ಗಳಿಗೆ ಮಾತ್ರ ಅನ್ವಯ, ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನ ನಡೆಸೋ ಪ್ರೋಗ್ರಾಂ) ಶುರು ಮಾಡೋ ಸರ್ವಿಸ್‌ಗೆ ಅದು ಗೊತ್ತೇ ಇರಲ್ಲ.

ಲಿನಕ್ಸ್‌ನಲ್ಲಿ ಪ್ರೋಸೆಸ್‌ನ ನಂಬರ್, ಅಂದ್ರೆ ಪಿಐಡಿ, ಹುಡುಕ್ಕೊಂಡು /ಪ್ರಾಕ್/ಪಿಐಡಿ/ಲಿಮಿಟ್ಸ್ ಫೈಲನ್ನ ಕ್ಯಾಟ್ ಮಾಡಿ. ಮ್ಯಾಕ್ಸ್ ಸ್ಟ್ಯಾಕ್ ಸೈಜ್ ಅನ್ನೋ ಸಾಲಲ್ಲಿ ಮೊದ್ಲು ಸಾಫ್ಟ್ ಲಿಮಿಟ್, ಪಕ್ಕದಲ್ಲಿ ಹಾರ್ಡ್. ನಿಜವಾಗ್ಲೂ ತಡೆಯೋದು ಸಾಫ್ಟು, ರೂಟ್ ಅಲ್ಲದವ್ರು ಅದನ್ನ ಎಲ್ಲೀವರೆಗೆ ಏರಿಸಬಹುದು ಅನ್ನೋದು ಹಾರ್ಡು. ಸಾಮಾನ್ಯವಾಗಿ 8388608 ಅಂತ ಇರುತ್ತೆ, ಇದು ಬೈಟ್ ಲೆಕ್ಕ, ಯುಲಿಮಿಟ್ ಕಿಲೋಬೈಟ್‌ನಲ್ಲಿ ಹೇಳೋದ್ರಿಂದ ಅಲ್ಲಿ 8192, ಎರಡೂ ಒಂದೇ 8 ಎಂಬಿ. ಸದ್ಯಕ್ಕೆ ಎಷ್ಟು ಬಳಕೆ ಆಗ್ತಿದೆ ಅಂತ ಬೇಕಂದ್ರೆ ಅದೇ ಫೋಲ್ಡರ್‌ನ ಸ್ಟೇಟಸ್ ಫೈಲಲ್ಲಿ ವಿಎಮ್‌ಎಸ್‌ಟಿಕೆ ಸಾಲು ನೋಡಿ, ಆದ್ರೆ ಅದು ಮೇನ್ ಥ್ರೆಡ್‌ದು (ಪ್ರೋಗ್ರಾಂ ಒಳಗೆ ಮೊದ್ಲು ಶುರುವಾಗೋ ಕೆಲಸದ ಎಳೆ) ಮಾತ್ರ.

ಸರ್ವಿಸ್‌ಗೆ ಲಿಮಿಟ್ ಏರಿಸ್ಬೇಕಾದ್ರೆ ಯೂನಿಟ್ ಫೈಲಲ್ಲಿ ಲಿಮಿಟ್‌ಸ್ಟ್ಯಾಕ್ ಹಾಕಿ, ಡೀಮನ್-ರೀಲೋಡ್ ಮಾಡಿ, ರೀಸ್ಟಾರ್ಟ್ ಮಾಡಿ. ಲಿಮಿಟ್ಸ್.ಕಾನ್ಫ್ ತಿದ್ದಿ ಅಂತ ತುಂಬ ಜನ ಹೇಳ್ತಾರೆ, ಅದು ಪ್ಯಾಮ್ (ಲಾಗಿನ್ ನೋಡ್ಕೊಳ್ಳೋ ವ್ಯವಸ್ಥೆ) ಮೂಲಕ ಲಾಗಿನ್ ಆಗೋ ಸೆಶನ್‌ಗೆ, ಸಿಸ್ಟಮ್ ಸರ್ವಿಸ್‌ಗೆ ತಾಗಲ್ಲ.

ಈಗ ಮುಖ್ಯ ವಿಷ್ಯ, ದಯವಿಟ್ಟು ಸರ್ವಿಸ್‌ಗೂ ಅನ್‌ಲಿಮಿಟೆಡ್ ಹಾಕ್ಬೇಡಿ. ರಿಕರ್ಶನ್ ನಿಲ್ಲದೇ ಹೋದ್ರೆ ರ‍್ಯಾಮ್ ತಿನ್ನುತ್ತೆ ಅನ್ನೋದು ಒಂದು ಕಾರಣ, ಇನ್ನೊಂದು ಥ್ರೆಡ್. ಜಿಲಿಬ್‌ಸಿ (ಲಿನಕ್ಸ್‌ನ ಸಾಮಾನ್ಯ ಸಿ ಲೈಬ್ರರಿ) ಹೊಸ ಥ್ರೆಡ್‌ಗಳ ಡೀಫಾಲ್ಟ್ ಸ್ಟ್ಯಾಕ್ ಸೈಜನ್ನ ಪ್ರೋಗ್ರಾಂ ಶುರುವಾದಾಗಿನ ಸಾಫ್ಟ್ ಲಿಮಿಟ್ ನೋಡಿ ಇಟ್ಕೊಳ್ಳುತ್ತೆ, ಅದು ಅನ್‌ಲಿಮಿಟೆಡ್ ಇದ್ರೆ 64 ಬಿಟ್ ಇಂಟೆಲ್, ಎಎಮ್‌ಡಿ ಮಶೀನಲ್ಲಿ 2 ಎಂಬಿ ಮಾತ್ರ ಕೊಡುತ್ತೆ! ಅಂದ್ರೆ ಜಾಸ್ತಿ ಮಾಡೋಕೆ ಹೋಗಿ 8 ಇದ್ದಿದ್ದು 2ಕ್ಕೆ ಇಳಿಯುತ್ತೆ. ಆಲ್ಪೈನ್ (ಒಂದು ಪುಟ್ಟ ಲಿನಕ್ಸ್) ಕಂಟೇನರ್ ಆಗಿದ್ರೆ ಇನ್ನೂ ಕಷ್ಟ, ಅಲ್ಲಿರೋ ಮಸಲ್ ಅನ್ನೋ ಸಿ ಲೈಬ್ರರಿ ಈ ಲಿಮಿಟ್ ಕಡೆ ನೋಡೋದೇ ಇಲ್ಲ, ಅದ್ರ ಡೀಫಾಲ್ಟು 128 ಕೆಬಿ. ಓಡ್ತಿರೋ ಪ್ರೋಸೆಸ್‌ಗೆ ಪಿಆರ್‌ಲಿಮಿಟ್ ಕಮಾಂಡಿಂದ ಬದಲಾಯಿಸಿದ್ರೂ ಥ್ರೆಡ್‌ಗಳ ಈ ಡೀಫಾಲ್ಟ್ ಬದಲಾಗಲ್ಲ. ಹಾಗಾಗಿ ಆಳದ ರಿಕರ್ಶನ್ ಥ್ರೆಡ್ ಒಳಗೆ ನಡೀತಿದ್ರೆ ಕೋಡಲ್ಲೇ ಪಿಥ್ರೆಡ್ ಆಟ್ರಿಬ್ಯೂಟ್‌ನಲ್ಲಿ (ಥ್ರೆಡ್ ಶುರು ಮಾಡುವಾಗ ಕೊಡೋ ಸೆಟ್ಟಿಂಗ್) ಸ್ಟ್ಯಾಕ್ ಸೈಜ್ ಕೊಟ್ಟು ಥ್ರೆಡ್ ಶುರು ಮಾಡೋದು ಸರಿಯಾದ ದಾರಿ ಅಂತ ನನ್ನ ಅಭಿಪ್ರಾಯ.

ಆ ಮ್ಯಾಕ್ಸ್ ಸ್ಟ್ಯಾಕ್ ಸೈಜ್ ಸಾಲನ್ನ ಇಲ್ಲಿ ಹಾಕಿ, ರಿಕರ್ಶನ್ ಮೇನ್‌ನಲ್ಲಾ ಥ್ರೆಡ್‌ನಲ್ಲಾ ಅಂತಾನೂ ತಿಳಿಸಿ, ಎಷ್ಟು ಇಟ್ರೆ ಸಾಕು ಅಂತ ನೋಡೋಣ.