ಕಬಡ್ಡಿಗೆ ಸೇರಿಸಿದರೆ ಹುಡುಗ ಸರಿಹೋಗುತ್ತಾನಾ?

ಪ್ರಶ್ನೆ: ಮಗನಿಗೆ 15 ವರ್ಷ, ಒಂಬತ್ತನೇ ತರಗತಿ. ಶಾಲೆಗೆ ಚಕ್ಕರ್ ಹೊಡೆಯುತ್ತಾನೆ, ಗುಟ್ಕಾ ಹಾಕುತ್ತಾನೆ, ಬಸ್ ಸ್ಟ್ಯಾಂಡಿನಲ್ಲಿ ಹೊಡೆದಾಡಿಯೂ ಬಂದಿದ್ದಾನೆ. ಊರಲ್ಲಿ ಸಂಜೆ ಕಬಡ್ಡಿ ಕಲಿಸುತ್ತಾರೆ. ಸೇರಿಸೋಣ ಅಂತ ನಾನು, ಅಲ್ಲಿ ಹೋದರೆ ಇನ್ನೂ ಕೆಡುತ್ತಾನೆ ಅಂತ ಅವನ ತಂದೆ. ಯಾರ ಮಾತು ಸರಿ?
– ಒಬ್ಬ ತಾಯಿ, ಹಾವೇರಿ

ಉತ್ತರ: ಇಬ್ಬರದೂ ಸರಿಯಾಗಬಹುದು, ಅದು ಕಲಿಸುವವರ ಮೇಲೆ ನಿಂತಿದೆ. ಒಂದೇ ಚಾಳಿಯ ಹತ್ತು ಹುಡುಗರನ್ನು ಮೈದಾನಕ್ಕೆ ಬಿಟ್ಟು ಕೋಚ್ ಮೊಬೈಲ್ ನೋಡುತ್ತ ಕೂತರೆ ಗುಟ್ಕಾ ಮುಟ್ಟದವನೂ ಕಲಿತು ಬರುತ್ತಾನೆ. ಸೇರಿಸುವ ಮೊದಲು ಒಂದೆರಡು ಸಂಜೆ ದೂರ ನಿಂತು ನೋಡಿ. ದಿನಾ ಹಾಜರಿ ಕೂಗುತ್ತಾರಾ? ಬಾರದವನ ಮನೆಗೆ ಅವತ್ತೇ ಫೋನ್ ಹೋಗುತ್ತದಾ? ಆಟ ಬಾರದವನಿಗೂ ರೈಡ್ ಸಿಗುತ್ತದಾ, ಇಲ್ಲ ನೀರು ತುಂಬಿ ಕೊಡುವುದಕ್ಕಷ್ಟೇ ಅವನಾ? ದೊಡ್ಡವರು ಇಬ್ಬರಾದರೂ ಇರುತ್ತಾರಾ? ಈ ಕೊನೆಯದನ್ನು ಕೇಳಲು ಸಂಕೋಚ ಬೇಡ. ಮಕ್ಕಳ ಜೊತೆ ಒಬ್ಬರೇ ಇರುವ ಕಡೆ, ಬಾಗಿಲು ಹಾಕಿದ ಕೋಣೆಯಲ್ಲಿ ಮಸಾಜು ಮಾಡುವ ಕಡೆ ಸೇರಿಸಬೇಡಿ.

ಸಿಟ್ಟಿನ ಹುಡುಗರಿಗೆ ಕಬಡ್ಡಿ ಹೊಂದುವುದಕ್ಕೆ ಕಾರಣ ಅದರ ನಿಯಮಗಳಲ್ಲೇ ಇದೆ. ಔಟಾದವನು ಹೊರಗೆ ಸಾಲಾಗಿ ಕೂರಬೇಕು. ತನ್ನ ತಂಡದವರು ಎದುರಾಳಿಯನ್ನು ಔಟ್ ಮಾಡಿದಾಗ, ಔಟಾದ ಸರದಿಯಲ್ಲೇ ಒಳಗೆ ಬರಬೇಕು, ಮುಂದಿನವನನ್ನು ದಾಟಿ ಹೋಗುವಂತಿಲ್ಲ. ಜಗಳಕ್ಕೆ ಹಸಿರು ಕಾರ್ಡ್ ಅಂದರೆ ಎಚ್ಚರಿಕೆ, ಹಳದಿ ಅಂದರೆ ಎರಡು ನಿಮಿಷ ಹೊರಗೆ, ಕೆಂಪಿಗೆ ಅವನ ಪಾಲಿಗೆ ಆ ಪಂದ್ಯವೇ ಮುಗಿಯಿತು. ಶಿಕ್ಷೆ ಚಿಕ್ಕದು, ಆದರೆ ತಪ್ಪಿಸಿಕೊಳ್ಳಲಾಗದ್ದು, ಮತ್ತು ಅದಕ್ಕೊಂದು ಕೊನೆಯಿದೆ. ಮನೆಗಳಲ್ಲಿ ಆಗುವುದು ಇದರ ತಿರುಗುಮುರುಗು: ವಾರವೆಲ್ಲ ಸುಮ್ಮನಿದ್ದು ಒಂದು ದಿನ ಬೆಲ್ಟ್ ತೆಗೆಯುವುದು, ಆಮೇಲೆ ತಿಂಗಳುಗಟ್ಟಲೆ ಅದನ್ನೇ ಎತ್ತಿ ಆಡುವುದು.

ಮಾರ್ಕ್ಸ್ ಕಡಿಮೆ ಬಂತೆಂದು ಆಟ ಬಿಡಿಸಬೇಡಿ. ಬಿಡಿಸಿದ ಆ ಎರಡು ಗಂಟೆ ಅವನು ಪುಸ್ತಕ ಹಿಡಿಯುವುದಿಲ್ಲ, ಬಸ್ ಸ್ಟ್ಯಾಂಡಿಗೇ ಹೋಗುತ್ತಾನೆ. ಮೊದಲ ತಿಂಗಳು ಒಂದೆರಡು ಸಲ ತಪ್ಪಿಸಿಕೊಂಡರೆ ಗಾಬರಿಯಾಗಬೇಡಿ, ಮಾರನೇ ದಿನ ಮತ್ತೆ ಕಳಿಸಿ. ಆದರೆ ನಿದ್ದೆ ಕೆಟ್ಟು, ಊಟ ಬಿಟ್ಟು, ಸಾಯುವ ಮಾತಾಡಿದರೆ ಅದು ಕೋಚ್ ಕೈಯಲ್ಲಿ ಆಗುವ ಕೆಲಸವಲ್ಲ. ಕೂಡಲೇ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.

ಪ್ರಶ್ನೆ: ನಮ್ಮ ಪ್ರೌಢಶಾಲೆಯಲ್ಲಿ ಇಂಥ ಹುಡುಗರು ಏಳೆಂಟು ಜನ ಇದ್ದಾರೆ. ಮ್ಯಾಟ್ ಇಲ್ಲ, ದುಡ್ಡೂ ಇಲ್ಲ. ಹೇಗೆ ಶುರು ಮಾಡಲಿ?
– ದೈಹಿಕ ಶಿಕ್ಷಕರು, ಚಿಂತಾಮಣಿ

ಉತ್ತರ: ಆ ಏಳೆಂಟು ಜನರದ್ದೇ ತಂಡ ಕಟ್ಟಬೇಡಿ, ಸರ್. 'ಪೋಲಿಗಳ ತಂಡ' ಅಂತ ಹೆಸರು ಬಿದ್ದರೆ ಅದಕ್ಕೆ ತಕ್ಕಂತೆಯೇ ಇರುತ್ತಾರೆ. ಇಪ್ಪತ್ತು ಮಕ್ಕಳನ್ನು ಸೇರಿಸಿ, ಇವರನ್ನು ಅದರೊಳಗೆ ಹಂಚಿ.

ಅಭ್ಯಾಸದ ಅಂಕಣಕ್ಕೆ 12 ಮೀಟರ್ ಉದ್ದ, 8 ಮೀಟರ್ ಅಗಲ ಸಾಕು. ನೆಲ ಅಗೆದು ಕಲ್ಲು ಆರಿಸಿ, ಜರಡಿ ಹಿಡಿದ ಮಣ್ಣು ಹರಡಿ, ಹಿಂದಿನ ಸಂಜೆ ನೀರು ಹಾಕಿ. ಅಗೆಯುವುದಕ್ಕೆ ಹುಡುಗರನ್ನೇ ಕರೆಯಿರಿ, ತಾವು ಮಾಡಿದ ಅಂಕಣದ ಮೇಲೆ ಗುಟ್ಕಾ ಉಗುಳುವುದು ತಾನಾಗಿ ಕಡಿಮೆಯಾಗುತ್ತದೆ. ಗೆರೆಗೆ ಸುಣ್ಣ ಬೇಡವೇ ಬೇಡ. ಕಬಡ್ಡಿಯಲ್ಲಿ ಮುಖ ನೆಲಕ್ಕೆ ಬೀಳುತ್ತದೆ, ಸುಣ್ಣ ಕಣ್ಣು ಸುಡುತ್ತದೆ. ರಂಗೋಲಿ ಪುಡಿ ಸಾಕು.

ವಾರಕ್ಕೆ ನಾಲ್ಕು ದಿನ, ಶಾಲೆ ಬಿಟ್ಟ ಕೂಡಲೇ, 75 ನಿಮಿಷ. ನಡುವೆ ಮನೆಗೆ ಕಳಿಸಿದರೆ ಅರ್ಧ ಜನ ವಾಪಸ್ ಬರುವುದಿಲ್ಲ. ಮಧ್ಯಾಹ್ನ ಉಂಡ ಹೊಟ್ಟೆ ಅಷ್ಟು ಹೊತ್ತಿಗೆ ಖಾಲಿ, ಹಿಡಿ ಶೇಂಗಾ ಮತ್ತು ಬೆಲ್ಲ ಇಡಿ. ಹಸಿದವನಿಗೆ ಸಿಟ್ಟು ಬೇಗ. ಮೊದಲು ಹಾಜರಿ, ಉಗುರು ನೋಡುವುದು, ಕಡಗ, ಉಂಗುರ ತೆಗೆಸುವುದು. ಕಾಲು ಗಂಟೆ ಮೈ ಬಿಸಿ ಮಾಡಿಸಿ, ಅರ್ಧ ಗಂಟೆ ಹಿಡಿತ: ಒಂದು ದಿನ ಪಾದದ ಹಿಡಿತವಾದರೆ ಅದೊಂದೇ. ಉಳಿದದ್ದು ಆಟ, ಕೊನೆಗೆ ಐದು ನಿಮಿಷ ಸುತ್ತ ಕೂತು ಮಾತು. ಉಪದೇಶ ಬೇಡ, 'ಇವತ್ತು ಯಾರು ಯಾರನ್ನು ಎತ್ತಿ ನಿಲ್ಲಿಸಿದರು' ಅಂತ ಕೇಳಿ.

ಅತಿ ತರಲೆ ಹುಡುಗನ ಕೈಗೆ ಸೀಟಿ ಮತ್ತು ಅಂಕದ ಪುಸ್ತಕ ಕೊಡಿ. ತಪ್ಪು ತೀರ್ಪಿಗೆ ಉಳಿದವರು ಮೈಮೇಲೆ ಬೀಳುವಾಗ ಅವನಿಗೆ ನಿಯಮ ಬೇಕಾಗುತ್ತದೆ. ವಲಯ ಮಟ್ಟದ ಆಯ್ಕೆಯ ಹೊತ್ತಿಗೆ ಎಡವುವುದೇ ಹೆಚ್ಚು: 12 ಜನರ ಪಟ್ಟಿ ಹಾಕಿದ ಮಾರನೇ ದಿನದಿಂದ ಮಿಕ್ಕ ಎಂಟು ಜನ ಮಾಯ. ಆ ಎಂಟರಲ್ಲಿ ನಿಮಗೆ ಬೇಕಾದವರು ಇರುತ್ತಾರೆ. ಅವರಿಗಾಗಿ ಪಕ್ಕದ ಶಾಲೆಯ ಜೊತೆ ಒಂದು ಸ್ನೇಹ ಪಂದ್ಯ ಮೊದಲೇ ಗೊತ್ತು ಮಾಡಿಡಿ.

ಪ್ರಶ್ನೆ: ನಮ್ಮ ಯುವಕ ಸಂಘ ವರ್ಷಕ್ಕೊಮ್ಮೆ ಹೊನಲು ಬೆಳಕಿನ ಟೂರ್ನಿ ನಡೆಸುತ್ತದೆ. ಹುಡುಗರ ಕುಡಿತ ಇದರಿಂದ ಕಡಿಮೆಯಾಗಲಿಲ್ಲವಲ್ಲ. ಎಲ್ಲಾದರೂ ಆಗಿದೆಯಾ?
– ಸಂಘದ ಕಾರ್ಯದರ್ಶಿ, ಮಂಡ್ಯ

ಉತ್ತರ: ಐಸ್‌ಲ್ಯಾಂಡಿನಲ್ಲಿ ಆಗಿದೆ. ಹಿಂದಿನ ತಿಂಗಳು ಕುಡಿದು ಅಮಲೇರಿದ್ದ 15–16 ವಯಸ್ಸಿನವರು 1998ರಲ್ಲಿ 42 ಶೇಕಡಾ ಇದ್ದದ್ದು 2016ಕ್ಕೆ 5ಕ್ಕೆ ಇಳಿಯಿತು. ಆಟ ಅದರಲ್ಲಿ ಒಂದು ಪಾಲು ಮಾತ್ರ. ವರ್ಷವಿಡೀ ನಡೆಯುವ ತರಬೇತಿ, ಆಟದ ಶುಲ್ಕಕ್ಕೆ ನಗರಸಭೆಯ ನೆರವು, ರಾತ್ರಿ ಹೊರಗಿರಲು ವಯಸ್ಸಿನ ಮಿತಿ, ತಂದೆತಾಯಿಯರ ಒಪ್ಪಂದ, ಮಕ್ಕಳ ನಡುವೆ ಮತ್ತೆ ಮತ್ತೆ ಸಮೀಕ್ಷೆ, ಇವೆಲ್ಲ ಒಟ್ಟಿಗೆ ನಡೆದವು. ನಿಮ್ಮದು ಒಂದು ರಾತ್ರಿ, ಅದರಲ್ಲೂ ನಗದು ಬಹುಮಾನ. ಗೆದ್ದ ತಂಡ ಆ ದುಡ್ಡನ್ನು ಎಲ್ಲಿ ಖರ್ಚು ಮಾಡುತ್ತದೆ ಎಂದು ನಿಮಗೇ ಗೊತ್ತು. ನಗದಿನ ಬದಲು ಶೂ, ಮೊಣಕಾಲು ಪಟ್ಟಿ ಕೊಡಿ. ಲೈಟು, ಶಾಮಿಯಾನದ ಖರ್ಚು ಅರ್ಧ ಮಾಡಿ, ಉಳಿದದ್ದರಲ್ಲಿ ವಾರಕ್ಕೆ ಮೂರು ಸಂಜೆ ಬರುವ ಒಬ್ಬ ಕೋಚ್‌ಗೆ ಸಂಬಳ ಕೊಡಿ.