ಇದು ಮನೆ ಒಡೆಯುವ ಮಾತಲ್ಲ, ಮೇಷ್ಟ್ರೇ

ಓದುಗರ ಪತ್ರ: "ಕಳೆದ ಸಂಚಿಕೆಯಲ್ಲಿ ಸೊಮಾಲಿಲ್ಯಾಂಡ್ ಪರವಾಗಿ ನೀವು ಬರೆದ ಟಿಪ್ಪಣಿ ಓದಿ ಬೇಸರವಾಯಿತು. ಬೇರೆಯಾಗುತ್ತೇವೆ ಅಂದವರಿಗೆಲ್ಲ ದೇಶ ಅಂತ ಮಾನ್ಯತೆ ಕೊಡುತ್ತಾ ಹೋದರೆ ಕೊನೆ ಎಲ್ಲಿ? ಒಂದು ಮನೆ ಒಡೆದರೆ ಬೀದಿಯೇ ಒಡೆಯುತ್ತದೆ. ದಕ್ಷಿಣ ಸುಡಾನ್ ಗತಿ ಏನಾಯಿತು ನೋಡಿ." – ನಿವೃತ್ತ ಇತಿಹಾಸ ಮೇಷ್ಟ್ರು, ರಾಜಾಜಿನಗರ, ಬೆಂಗಳೂರು

ಮೇಷ್ಟ್ರೇ, ನಮಸ್ಕಾರ. ಇಷ್ಟು ದೂರದ ವಿಷಯಕ್ಕೆ ಇಷ್ಟು ಕಾಳಜಿಯಿಂದ ಪತ್ರ ಬರೆಯುವವರು ಕಡಿಮೆ. ಅದಕ್ಕೇ ಉತ್ತರವೂ ಸ್ವಲ್ಪ ಉದ್ದವಾಗಲಿದೆ.

ನಿಮ್ಮ ಭಯ ಸುಳ್ಳಲ್ಲ. 2011ರ ಜುಲೈನಲ್ಲಿ ದಕ್ಷಿಣ ಸುಡಾನ್ ಹುಟ್ಟಿದಾಗ ಜಗತ್ತೇ ಚಪ್ಪಾಳೆ ತಟ್ಟಿತು, ವಿಶ್ವಸಂಸ್ಥೆ 193ನೇ ಸದಸ್ಯ ಅಂತ ಸೇರಿಸಿಕೊಂಡಿತು. 2013ರ ಡಿಸೆಂಬರ್ ಹೊತ್ತಿಗೆ ಅಲ್ಲಿನವರೇ ಒಬ್ಬರನ್ನೊಬ್ಬರು ಕೊಲ್ಲತೊಡಗಿದ್ದರು. ಒಪ್ಪಿದೆ. ಆದರೆ ಇದೇ ಉದಾಹರಣೆಯನ್ನು ಸ್ವಲ್ಪ ತಿರುಗಿಸಿ ನೋಡಿ. ಸರ್ಕಾರ ನಡೆಸುವ ತಯಾರಿಯೇ ಇಲ್ಲದವರಿಗೆ ಮಾನ್ಯತೆ ತಕ್ಷಣ ಸಿಕ್ಕಿತು. ಸೊಮಾಲಿಯಾದಿಂದ ಬೇರೆಯಾಗಿ 1991ರಿಂದ ತಾವೇ ಸರ್ಕಾರ ನಡೆಸಿಕೊಂಡು ಬಂದ ಸೊಮಾಲಿಲ್ಯಾಂಡಿನವರಿಗೆ ಮೂವತ್ತು ವರ್ಷ ದಾಟುವವರೆಗೂ ಸಿಗಲಿಲ್ಲ. ನನ್ನ ಸಿಟ್ಟು ಇರುವುದು ಇಲ್ಲೇ.

ಮೊದಲು ಆ ಮನೆಯ ಮಾತು. ನೀವು ಇತಿಹಾಸ ಪಾಠ ಮಾಡಿದವರು, ಆದರೂ ಪತ್ರದಲ್ಲಿ 1960ರ ಆ ಐದು ದಿನಗಳನ್ನು ಬಿಟ್ಟುಬಿಟ್ಟಿದ್ದೀರಿ. ಬ್ರಿಟಿಷರ ಕೈಯಲ್ಲಿದ್ದ ಸೊಮಾಲಿಲ್ಯಾಂಡ್ ಜೂನ್ 26ರಂದು ಸ್ವತಂತ್ರ ದೇಶವಾಯಿತು. ಇಟಲಿಯ ಆಡಳಿತದಲ್ಲಿದ್ದ ದಕ್ಷಿಣ ಭಾಗ ಸ್ವತಂತ್ರವಾಗಿದ್ದು ಜುಲೈ 1ಕ್ಕೆ. ಅವತ್ತೇ ಎರಡೂ ಕೂಡಿ ಸೊಮಾಲಿಯಾ ಆಯಿತು. ಖುಷಿಯಿಂದಲೇ ಕೂಡಿದರು, ಸೊಮಾಲಿಗಳೆಲ್ಲ ಒಂದಾಗಬೇಕು ಅನ್ನುವ ಕನಸು ಉತ್ತರದವರಿಗೂ ಇತ್ತು. ಕೂಡಿದ ಮೇಲೆ ರಾಜಧಾನಿ ಮೊಗದಿಶು, ಅಧ್ಯಕ್ಷರು ದಕ್ಷಿಣದವರು, ಪ್ರಧಾನಿಯೂ ದಕ್ಷಿಣದವರು. ನಾವೂ 1956ರಲ್ಲಿ ಹರಿದು ಹಂಚಿಹೋಗಿದ್ದ ನಾಡನ್ನು ಕೂಡಿಸಿಕೊಂಡವರೇ ಅಲ್ವಾ? ಕೂಡಿಕೊಂಡು ಬಂದವರಿಗೆ ಮರ್ಯಾದೆ ಸಿಗದಿದ್ದರೆ ಎಷ್ಟು ಕುದಿಯುತ್ತದೆ ಅನ್ನುವುದು ಬೆಳಗಾವಿ, ಕಲಬುರಗಿಯವರನ್ನು ಕೇಳಿದರೆ ಇವತ್ತಿಗೂ ಹೇಳುತ್ತಾರೆ. ಅಲ್ಲಿ ಆಗಿದ್ದು ಬರೀ ಕಡೆಗಣನೆಯಲ್ಲ. 1988ರಲ್ಲಿ ಸೊಮಾಲಿಯಾದ ಸರ್ವಾಧಿಕಾರಿ ಸಿಯಾದ್ ಬರೆಯ ಸರ್ಕಾರ ತನ್ನದೇ ದೇಶದ ಊರಾದ, ಈಗ ಸೊಮಾಲಿಲ್ಯಾಂಡಿನ ರಾಜಧಾನಿಯಾಗಿರುವ ಹರ್ಗೇಸಾ ಮೇಲೆ ಬಾಂಬ್ ಹಾಕಿಸಿತು. ವಿಮಾನಗಳು ಹಾರಿದ್ದು ಅದೇ ಊರಿನ ಏರ್‌ಪೋರ್ಟ್‌ನಿಂದ. ಮೇಲೆ ಹೋಗಿ, ಬಾಂಬ್ ಸುರಿದು, ಮತ್ತೆ ಅಲ್ಲೇ ಬಂದು ಇಳಿಯುತ್ತಿದ್ದವು. ಅಂಥ ಒಂದು ಮಿಗ್ ವಿಮಾನವನ್ನು ಹರ್ಗೇಸಾ ಜನ ಊರ ನಡುವೆ ಸ್ಮಾರಕವಾಗಿ ನಿಲ್ಲಿಸಿಕೊಂಡಿದ್ದಾರೆ.

1991ರ ಮೇ 18ರಂದು ಬುರಾವ್ ಪಟ್ಟಣದಲ್ಲಿ ಅವರು ಹೇಳಿದ್ದು ಇಷ್ಟೇ: ನಾವಾಗಿ ಕೂಡಿದ್ದೆವು, ಈಗ ವಾಪಸ್ ಹೋಗುತ್ತಿದ್ದೇವೆ. ಅವರು ಕೇಳುವ ಗಡಿ ಬ್ರಿಟಿಷರ ಕಾಲದ ಹಳೇ ಗಡಿ. ಹಾಗಾಗಿ 1964ರಲ್ಲಿ ಆಫ್ರಿಕದ ದೇಶಗಳು ಕೈರೋದಲ್ಲಿ ಕೂತು, ಸ್ವಾತಂತ್ರ್ಯ ಬಂದಾಗ ಇದ್ದ ಗಡಿಗಳನ್ನು ಮುಟ್ಟುವುದು ಬೇಡ ಅಂತ ಮಾಡಿಕೊಂಡ ತೀರ್ಮಾನಕ್ಕೂ ಇದು ಅಡ್ಡ ಬರುವುದಿಲ್ಲ. ಬೀದಿಯೇ ಒಡೆಯುತ್ತದೆ ಅಂದಿರಲ್ಲ, ಅದೇ ಭಯ ಆಫ್ರಿಕನ್ ಯೂನಿಯನ್‌ಗೂ ಇತ್ತು. 2005ರಲ್ಲಿ ಅವರದೇ ತಂಡ ಹೋಗಿ ನೋಡಿ ಬಂದು, ಇವರ ಇತಿಹಾಸವೇ ಬೇರೆ, ಆ ಭಯವನ್ನು ಇದಕ್ಕೆ ತಂದು ಕಟ್ಟಬೇಡಿ ಅಂತ ವರದಿ ಕೊಟ್ಟಿತು. ಅದರಿಂದ ಮಾನ್ಯತೆಯೇನೂ ಬರಲಿಲ್ಲ.

ಅವರು ದೇಶ ಕಟ್ಟಿದ ರೀತಿ ನೋಡಿ. 1993ರಲ್ಲಿ ಬೋರಮಾ ಅನ್ನುವ ಊರಲ್ಲಿ ಕುಲಕುಲದ ಹಿರಿಯರು ತಿಂಗಳುಗಟ್ಟಲೆ ಕೂತರು. ಹೊರದೇಶದ ಮಧ್ಯಸ್ಥಗಾರರು ಬಂದು ಮಾಡಿಸಿದ ಸಂಧಾನವಲ್ಲ, ಅವರವರೇ ಮಾತಾಡಿಕೊಂಡು ಮಾಡಿಕೊಂಡ ರಾಜಿ. ಆ ಹಿರಿಯರ ಸಭೆಗೆ ಗುರ್ತಿ ಅನ್ನುತ್ತಾರೆ, ಇವತ್ತು ಅದು ಸಂಸತ್ತಿನ ಮೇಲ್ಮನೆ. ನನಗೆ ತುಂಬಾ ಹಿಡಿಸಿದ್ದು 2003ರ ಅಧ್ಯಕ್ಷ ಚುನಾವಣೆ. ದಾಹಿರ್ ರಿಯಾಲೆ ಗೆದ್ದಿದ್ದು ಬರೀ 80 ಮತಗಳಿಂದ. ಮನೆಮನೆಯಲ್ಲೂ ಬಂದೂಕು ಉಳಿದಿದ್ದ ಕಾಲ, ಯುದ್ಧ ಮುಗಿಸಿ ಬಂದ ಜನ. ಸೋತ ಸಿಲಾನ್ಯೊ ಕೋರ್ಟಿಗೆ ಹೋದರು, ಅಲ್ಲೂ ಸೋತರು, ಸೋಲು ಒಪ್ಪಿಕೊಂಡರು. 2010ರಲ್ಲಿ ಅದೇ ಸಿಲಾನ್ಯೊ ಗೆದ್ದಾಗ ರಿಯಾಲೆ ಕುರ್ಚಿ ಬಿಟ್ಟು ಎದ್ದು ಹೋದರು. ಮಾನ್ಯತೆ ಇರುವ ಎಷ್ಟು ದೇಶಗಳಲ್ಲಿ ಇದು ಹೀಗೆ ನಡೆಯುತ್ತದೆ, ಹೇಳಿ.

ಎಲ್ಲ ಚೆನ್ನಾಗಿದೆ ಅನ್ನುತ್ತಿಲ್ಲ. ಪೂರ್ವದ ಲಾಸ್ ಅನೋಡ್ ಕಡೆಯವರಲ್ಲಿ ಬಹಳ ಜನರಿಗೆ ಸೊಮಾಲಿಯಾ ಜೊತೆಗೇ ಇರುವ ಆಸೆ, 2023ರಲ್ಲಿ ಅಲ್ಲಿ ಕೆಟ್ಟ ಹೊಡೆದಾಟವೂ ಆಯಿತು. ಅವರ ಮಾತಿಗೂ ಬೆಲೆ ಇರಬೇಕು.

ಮಾನ್ಯತೆ ಇಲ್ಲದಿದ್ದರೆ ಏನು ಮಹಾ ನಷ್ಟ ಅನ್ನಬೇಡಿ. ವಿಶ್ವಬ್ಯಾಂಕಿನಿಂದ ಸಾಲ ಎತ್ತುವ ಹಾಗಿಲ್ಲ. ಸೌದಿ ಅರೇಬಿಯಾಕ್ಕೆ ಕುರಿ, ಆಡು ಮಾರಿ ಬದುಕುವ ನಾಡು ಅದು. ರೋಗದ ಭಯದಿಂದ ಸೌದಿಯವರು 2000ದಿಂದ 2009ರವರೆಗೆ ಖರೀದಿ ನಿಲ್ಲಿಸಿದಾಗ, ಒಂದು ದೇಶವಾಗಿ ಎದುರು ಕೂತು ಮಾತಾಡಲು ಇವರಿಗೆ ಕುರ್ಚಿಯೇ ಇರಲಿಲ್ಲ. ನಮ್ಮ ಕಮ್ಮನಹಳ್ಳಿಯ ಜೆರಾಕ್ಸ್ ಅಂಗಡಿಯೊಂದರಲ್ಲಿ ಹರ್ಗೇಸಾದ ಹುಡುಗನೊಬ್ಬ ಕಾಲೇಜಿನ ಆನ್‌ಲೈನ್ ಅರ್ಜಿ ತುಂಬುತ್ತಿದ್ದ. ದೇಶಗಳ ಪಟ್ಟಿಯನ್ನು ಕೆಳಗಿನವರೆಗೆ ಉರುಳಿಸಿದ, ಮತ್ತೆ ಮೇಲೆ ತಂದ, ಕೊನೆಗೆ ಸೊಮಾಲಿಯಾ ಒತ್ತಿದ. "ನಮ್ಮಜ್ಜಿ ಮನೆ ಮೇಲೆ ಬಾಂಬ್ ಹಾಕಿದ್ದು ಈ ಸರ್ಕಾರವೇ ಸರ್" ಅಂದ, ಅರ್ಜಿಯಿಂದ ಕಣ್ಣು ತೆಗೆಯದೆ.

ಮಾನ್ಯತೆ ಯೋಗ್ಯತೆ ನೋಡಿ ಬರುವುದಿಲ್ಲ ಅನ್ನುವುದಕ್ಕೆ ನಮ್ಮ ದೇಶವೇ ಸಾಕ್ಷಿ. ಢಾಕಾದಲ್ಲಿ ಪಾಕ್ ಸೇನೆ ಶರಣಾಗುವ ಹತ್ತು ದಿನ ಮೊದಲೇ, 1971ರ ಡಿಸೆಂಬರ್ 6ರಂದು, ನಾವು ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟೆವು. ಸರಿಯಾಗೇ ಮಾಡಿದೆವು. ಆಗಲೂ ದೇಶ ಒಡೆದರು ಅಂತ ಕೂಗಿದವರಿದ್ದರು. ಚೀನಾ ವೀಟೋ ಹಾಕಿ ಬಾಂಗ್ಲಾವನ್ನು ವಿಶ್ವಸಂಸ್ಥೆಯ ಹೊರಗೇ ನಿಲ್ಲಿಸಿತು, ಒಳಗೆ ಬಿಟ್ಟಿದ್ದು 1974ರಲ್ಲಿ. ಮೊರಾಕೊ ತನ್ನದು ಅನ್ನುವ ಪಶ್ಚಿಮ ಸಹಾರಾಕ್ಕೆ 1985ರಲ್ಲಿ ನಾವು ಕೊಟ್ಟ ಮಾನ್ಯತೆಯನ್ನು 2000ದಲ್ಲಿ ವಾಪಸ್ ತೆಗೆದುಕೊಂಡೆವು. ಆ ಹದಿನೈದು ವರ್ಷಗಳಲ್ಲಿ ಸಹಾರಾದವರ ಹಕ್ಕು ಕಡಿಮೆಯಾಗಿತ್ತಾ? ಇಲ್ಲ, ನಮ್ಮ ಲೆಕ್ಕಾಚಾರ ಬದಲಾಗಿತ್ತು. ಸೊಮಾಲಿಲ್ಯಾಂಡಿಗೂ ಹಾಗೇ. 2025ರ ಡಿಸೆಂಬರ್‌ನಲ್ಲಿ ಇಸ್ರೇಲ್ ಮಾನ್ಯತೆ ಕೊಟ್ಟಿತು, ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಅದೇ ಮೊದಲು. ಆ 80 ಮತಗಳ ಚುನಾವಣೆ ಮೆಚ್ಚಿ ಕೊಟ್ಟಿದ್ದು ಅಂತ ನನಗಂತೂ ಅನ್ನಿಸುವುದಿಲ್ಲ. ಎದುರಿಗೆ ಯೆಮನ್ ಇದೆ, ಪಕ್ಕದಲ್ಲಿ ಕೆಂಪು ಸಮುದ್ರಕ್ಕೆ ಹೋಗುವ ಹಡಗಿನ ದಾರಿ ಇದೆ.

ಇನ್ನು ನಮ್ಮ ಪತ್ರಿಕೆಗಳ ಮಾತು, ನಾನೂ ಈ ಕೆಲಸದಲ್ಲೇ ಇರುವವನಾದ್ದರಿಂದ ಹೇಳಲೇಬೇಕು. 2024ರ ನವೆಂಬರ್‌ನಲ್ಲಿ ಅಲ್ಲಿ ವಿರೋಧ ಪಕ್ಷದ ಇರ್ರೊ ಗೆದ್ದು, ಅಧಿಕಾರ ಶಾಂತವಾಗಿ ಕೈ ಬದಲಾಯಿತು. ಕನ್ನಡದಲ್ಲಿ ಅದನ್ನು ಎಲ್ಲಿ ಓದಿದ್ದೀರಿ? ವಿದೇಶದ ಪುಟ ಅಂದರೆ ಅಮೆರಿಕದ ಅಧ್ಯಕ್ಷ, ಪಾಕಿಸ್ತಾನ, ಜಾಗ ಮಿಕ್ಕರೆ ಒಂದು ವಿಮಾನ ಅಪಘಾತ. ಆಫ್ರಿಕ ಅಂದರೆ ಬರ, ಕಡಲ್ಗಳ್ಳರು. ಅದನ್ನೇ ಓದಿ ಬೆಳೆದವರು ಆಫ್ರಿಕದ ಹುಡುಗರು ಬಾಡಿಗೆ ಮನೆ ಕೇಳಿದರೆ ಅಡ್ವಾನ್ಸ್ ಮಾತು ಶುರುವಾಗುವ ಮೊದಲೇ ಬಾಗಿಲು ಹಾಕುತ್ತಾರೆ. ಬಂದೂಕು ಹಿಡಿದರೆ ಮುಖಪುಟ, ಮತಪೆಟ್ಟಿಗೆ ಇಟ್ಟರೆ ಒಂದು ಸಾಲೂ ಇಲ್ಲ. ಬೇರೆಯಾಗಲು ಹೊರಟವರಿಗೆ ನಾವು ಏನು ಕಲಿಸುತ್ತಿದ್ದೇವೆ ಮೇಷ್ಟ್ರೇ, ನೀವೇ ಯೋಚಿಸಿ.

ಬೋರಮಾ ಸಭೆಯ ಬಗ್ಗೆ ಮುಂದಿನ ಸಂಚಿಕೆಯಲ್ಲಿ ವಿವರವಾದ ಲೇಖನ ಬರಲಿದೆ. ದಕ್ಷಿಣ ಸುಡಾನ್ ಬಗ್ಗೆ ನೀವೇ ಬರೆಯಿರಿ. ಎರಡು ಪುಟ ಖಾಲಿ ಇಟ್ಟಿರುತ್ತೇನೆ, ತಿಂಗಳ 15ರೊಳಗೆ ಕಳಿಸಿ.

– ಸಂಪಾದಕ